ಮನೆಯ ಫೋನು: ಇರಲೋ, ಬೇಡವೋ?



ಈ ಸಲ ಬಂದ ಪತ್ರಗಳಲ್ಲಿ ಒಂದು ನನ್ನನ್ನು ಬಹಳ ಯೋಚನೆಗೆ ಹಚ್ಚಿತು. ಬರೆದವರು ಬಯಲುಸೀಮೆಯ ಒಂದು ತಾಲ್ಲೂಕು ಊರಿನ ಗೃಹಿಣಿ. “ಮಾವನವರ ಕಾಲದಿಂದ ನಮ್ಮ ಮನೆಯಲ್ಲಿ ಫೋನಿದೆ. ಈಗ ಅದಕ್ಕೆ ಕರೆ ಬರುವುದೇ ಅಪರೂಪ. ಬಿಲ್ಲು ಮಾತ್ರ ತಪ್ಪದೆ ಬರುತ್ತದೆ. ಮೂರು ತಿಂಗಳಿಂದ ಅದು ಸತ್ತು ಬಿದ್ದಿದೆ, ರಿಪೇರಿಗೂ ಯಾರೂ ಬಂದಿಲ್ಲ. ತೆಗೆಸೋಣ ಅಂದರೆ ಮನಸ್ಸು ಒಪ್ಪುವುದಿಲ್ಲ, ಇಟ್ಟುಕೊಳ್ಳೋಣ ಅಂದರೆ ಪರ್ಸು ಒಪ್ಪುವುದಿಲ್ಲ. ಏನು ಮಾಡಲಿ ಅಕ್ಕಾ?” ಎಂದು ಕೇಳಿದ್ದಾರೆ.

ಈ ಪ್ರಶ್ನೆ ಅವರೊಬ್ಬರದೇ ಅಲ್ಲ. ನಮ್ಮ ಬೀದಿಯಲ್ಲಿ ಒಂದು ಕಾಲಕ್ಕೆ ಹನ್ನೊಂದು ಮನೆಗಳಲ್ಲಿ ಫೋನಿತ್ತು. ಈಗ ಉಳಿದಿರುವುದು ಎರಡು, ಅದರಲ್ಲೊಂದು ನಮ್ಮದು. ನಮ್ಮ ಮನೆಯಲ್ಲೂ ಇದೇ ಮಾತು ಎದ್ದು, ಒಂದು ತೀರ್ಮಾನಕ್ಕೆ ಬರುವ ಹೊತ್ತಿಗೆ ಎರಡು ತಿಂಗಳು ಕಳೆದಿತ್ತು. ಆದ್ದರಿಂದ ಎರಡು ಸಾಲಿನ ಉತ್ತರ ಕೊಟ್ಟು ಕೈ ತೊಳೆದುಕೊಳ್ಳದೆ, ಈ ಸಂಚಿಕೆಯ ಅಂಕಣವನ್ನೇ ಇದಕ್ಕೆ ಮೀಸಲಿಟ್ಟಿದ್ದೇನೆ.

ಮನಸ್ಸು ಯಾಕೆ ಒಪ್ಪುವುದಿಲ್ಲ?

ಮೊದಲು ಮನಸ್ಸಿನ ಮಾತು ಆಡಿಬಿಡೋಣ. ಈಗಿನ ಮಕ್ಕಳಿಗೆ ಇದು ತಮಾಷೆಯಾಗಿ ಕಾಣಬಹುದು. ಆದರೆ ಫೋನಿಗಾಗಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾದವರಿಗೆ ಗೊತ್ತು ಅದರ ಬೆಲೆ. ನಮ್ಮ ಮಾವನವರು ಅರ್ಜಿ ಹಾಕಿ ಐದಾರು ವರ್ಷ ಕಾದ ಮೇಲೆ 1992ರಲ್ಲಿ ಮನೆಗೆ ಫೋನು ಬಂತಂತೆ. ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಹೂವೇರಿಸಿ, ಬೀದಿಗೆಲ್ಲ ಸಕ್ಕರೆ ಹಂಚಿದರಂತೆ. ನಮ್ಮ ಅತ್ತೆಯವರು ಕ್ರೋಷಾದಲ್ಲಿ ಹೆಣೆದ ಬಿಳಿ ಹೊದಿಕೆ ಈಗಲೂ ಇದೆ.

ನನ್ನ ತವರಿನಲ್ಲಿ ಫೋನಿರಲಿಲ್ಲ. ಎದುರಿನ ಜವಳಿ ಅಂಗಡಿಯವರ ನಂಬರನ್ನೇ ‘ಪಿಪಿ’ ಎಂದು ಬರೆದು ಎಲ್ಲರಿಗೂ ಕೊಡುತ್ತಿದ್ದೆವು. ಕರೆ ಬಂದರೆ ಅಂಗಡಿಯ ಹುಡುಗ ಓಡಿ ಬಂದು ಕೂಗುತ್ತಿದ್ದ, ನಾವು ಸೆರಗು ಸರಿಮಾಡಿಕೊಂಡು ಓಡುತ್ತಿದ್ದೆವು. ಅದಕ್ಕೂ ಹಿಂದಿನವರನ್ನು ಕೇಳಿ, ಟ್ರಂಕ್ ಕಾಲ್ ಬುಕ್ ಮಾಡಿ ಬೆಳಗಿನಿಂದ ಸಂಜೆಯವರೆಗೆ ಕಾದ ಕಥೆ ಹೇಳುತ್ತಾರೆ. ನಡುವೆ ಆಪರೇಟರ್ ಇಲ್ಲದೆ ನೇರವಾಗಿ ಪರ ಊರಿಗೆ ಡಯಲ್ ಮಾಡುವ ಎಸ್‌ಟಿಡಿ ನಮ್ಮ ದೇಶದಲ್ಲಿ ಮೊದಲು ಬಂದದ್ದು 1960ರಲ್ಲಿ, ಲಕ್ನೋ ಮತ್ತು ಕಾನ್ಪುರದ ನಡುವೆ. ನಮ್ಮಂಥ ಊರುಗಳಿಗೆ ಅದು ತಲುಪಲು ಇನ್ನೂ ಎಷ್ಟೋ ಕಾಲ ಹಿಡಿಯಿತು.

ಕನ್ನಡದವರಾದ ನಮಗೆ ಈ ಫೋನಿನ ಮೇಲೆ ಇನ್ನೊಂದು ಅಭಿಮಾನವೂ ಉಂಟು. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ದೂರವಾಣಿ ಉಪಕರಣಗಳ ಸರ್ಕಾರಿ ಕಾರ್ಖಾನೆ ಐಟಿಐ ಬೆಂಗಳೂರಿನಲ್ಲಿ ಶುರುವಾಯಿತು. ಅದರಿಂದಲೇ ಆ ಬಡಾವಣೆಗೆ ದೂರವಾಣಿನಗರ ಎಂಬ ಹೆಸರು. ದೇಶದ ಎಷ್ಟೋ ಮನೆಗಳ ಕರಿಯ ಫೋನು ಅಲ್ಲಿಂದ ಹೋದದ್ದು. ಹಳ್ಳಿಗಳ ಧೂಳು, ಸೆಕೆ ತಡೆದುಕೊಂಡು ಎ.ಸಿ. ಇಲ್ಲದೆ ಕೆಲಸ ಮಾಡಲೆಂದೇ ಸಿ-ಡಾಟ್ ಸಂಸ್ಥೆಯವರು ಮಾಡಿದ ಗ್ರಾಮೀಣ ಎಕ್ಸ್‌ಚೇಂಜನ್ನು 1986ರಲ್ಲಿ ಮೊಟ್ಟಮೊದಲು ಕೂಡಿಸಿದ್ದು ಚೆನ್ನಮ್ಮನ ಕಿತ್ತೂರಿನಲ್ಲಿ.

ಹೀಗಾಗಿ ಮನಸ್ಸು ಒಪ್ಪದಿರುವುದು ಸಹಜ. ಆದರೆ ಸೋದರಿಯರೆ, ನೆನಪು ಬೇರೆ, ಅಗತ್ಯ ಬೇರೆ. ಟೆಲಿಗ್ರಾಂ ಕೂಡ ಒಂದು ಕಾಲದಲ್ಲಿ ಜೀವ ಕೈಯಲ್ಲಿ ಹಿಡಿಸುತ್ತಿತ್ತು. 2013ರ ಜುಲೈನಲ್ಲಿ ಅದೂ ನಿಂತಿತು, ಸಂಸಾರಗಳು ನಡೆದೇ ಇವೆ. ನೆನಪಿಗಾಗಿ ತಿಂಗಳು ತಿಂಗಳು ಬಾಡಿಗೆ ಕಟ್ಟಬೇಕಾಗಿಲ್ಲ.

ಬಿಲ್ಲಿನ ಲೆಕ್ಕ

ಇನ್ನು ಪರ್ಸಿನ ಮಾತು. ತಿಂಗಳ ಬಾಡಿಗೆ 200 ರೂಪಾಯಿ ಎಂದಿಟ್ಟುಕೊಳ್ಳಿ. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಸೇರಿ 236. ವರ್ಷಕ್ಕೆ 2,832 ರೂಪಾಯಿ. ಗ್ಯಾಸ್ ಸಿಲಿಂಡರು, ಹಾಲಿನವರ ಬಾಕಿ, ಮಕ್ಕಳ ಪುಸ್ತಕ ಎಂದು ಪೈಸೆ ಪೈಸೆ ಹೊಂದಿಸುವ ನಮಗೆ ಇದು ಸಣ್ಣ ಮೊತ್ತವಲ್ಲ. ಮನೆಯ ಗಂಡಸರು “ಎಲ್ಲರ ಕೈಯಲ್ಲೂ ಮೊಬೈಲಿದೆ, ಇದು ಯಾಕೆ?” ಎಂದು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ.

ದೇಶದ ಲೆಕ್ಕವೂ ಅದನ್ನೇ ಹೇಳುತ್ತದೆ. 2006ರ ಸುಮಾರಿಗೆ ಇಡೀ ಭಾರತದಲ್ಲಿ ಐದು ಕೋಟಿಯಷ್ಟು ಮನೆ, ಕಚೇರಿಗಳ ಸ್ಥಿರ ಫೋನುಗಳಿದ್ದವು. 2020ರ ಹೊತ್ತಿಗೆ ಅದು ಎರಡು ಕೋಟಿಗೆ ಇಳಿದಿತ್ತು. ಆಮೇಲೆ ಲೆಕ್ಕ ಮತ್ತೆ ಏರಿದ್ದು ನಿಜ. ಆದರೆ ಅದು ಹೆಚ್ಚಾಗಿ ಇಂಟರ್‌ನೆಟ್ಟಿಗಾಗಿ ಫೈಬರ್ ಹಾಕಿಸಿದವರಿಂದ. ಫೋನು ಅದರ ಬಾಲ ಹಿಡಿದು ಬಂತು, ಅಷ್ಟೆ.

ಆದರೆ ಇಲ್ಲೊಂದು ಮಾತಿದೆ. ‘ಎಲ್ಲರ ಕೈಯಲ್ಲೂ ಮೊಬೈಲಿದೆ’ ಎನ್ನುವಾಗ ಆ ‘ಎಲ್ಲರೂ’ ಯಾರು? ನಿಮ್ಮ ಮನೆಯ ಜನರನ್ನು ಬೆರಳು ಮಡಚಿ ಎಣಿಸಿ ನೋಡಿ. ಹೊರಗೆ ದುಡಿಯಲು ಹೋಗುವವರ ಜೇಬಿನಲ್ಲಿ ಫೋನಿರುತ್ತದೆ. ಕಾಲೇಜಿಗೆ ಹೋಗುವ ಮಕ್ಕಳ ಕೈಯಲ್ಲಿರುತ್ತದೆ. ನಮ್ಮ ಕೈಯಲ್ಲಿ ಮಗ ಬಳಸಿ ಬಿಟ್ಟ ಹಳೆಯದೊಂದು ಇರುತ್ತದೆ, ರೀಚಾರ್ಜು ಮುಗಿದು ಒಂದಷ್ಟು ದಿನವಾದರೆ ಅದಕ್ಕೆ ಬರುವ ಕರೆಯೂ ನಿಲ್ಲುತ್ತದೆ. ಇವರೆಲ್ಲ ಹೊರಗೆ ಹೋದ ಮೇಲೆ ಮನೆಯಲ್ಲಿ ಉಳಿಯುವವರು ಯಾರು? ಅವರ ಕೈಗೆ ಎಟುಕುವ ಫೋನು ಯಾವುದು? ನನ್ನ ಮಟ್ಟಿಗೆ ಇಡೀ ಪ್ರಶ್ನೆ ನಿಂತಿರುವುದು ಇದರ ಮೇಲೆ.

ಒಂದು ತಿಂಗಳ ಪುಸ್ತಕ

ನಮ್ಮ ಮನೆಯಲ್ಲಿ ಮಾತು ಎದ್ದದ್ದು ಹೇಗೆಂದು ಹೇಳುತ್ತೇನೆ. 2025ರ ಜನವರಿಯಲ್ಲಿ ಒಂದು ಬೆಳಿಗ್ಗೆ, ನಾನು ಪೇಟೆಗೆ ಹೋಗಿದ್ದಾಗ, ನಡುಮನೆಯಲ್ಲಿ ಫೋನು ಬಾರಿಸಿತು. ನಮ್ಮ ಅತ್ತೆಯವರಿಗೆ ಎಪ್ಪತ್ತೊಂಬತ್ತು ವರ್ಷ. ಕರೆ ನಿಂತುಹೋದೀತೆಂದು ತಮ್ಮ ಕೋಣೆಯಿಂದ ಅವಸರವಾಗಿ ಬಂದವರು ಹೊಸ್ತಿಲ ಬಳಿ ಎಡವಿ ಬಿದ್ದರು. ದೇವರ ದಯೆ, ಮೂಳೆ ಮುರಿಯಲಿಲ್ಲ. ಮಣಿಕಟ್ಟು ಉಳುಕಿ ಮೂರು ವಾರ ಪಟ್ಟಿ ಕಟ್ಟಿಕೊಂಡಿದ್ದರು. ಆಮೇಲೆ ನೋಡಿದರೆ ಆ ಕರೆ ಮಾಡಿದ್ದು, ಸಾಲ ಬೇಕೇ ಎಂದು ಕೇಳುವ ಯಾರೋ ಒಬ್ಬ ಹುಡುಗಿ!

ನಮ್ಮವರಿಗೆ ಎಲ್ಲಿಲ್ಲದ ಸಿಟ್ಟು ಬಂತು. “ನಾಳೆಯೇ ಇದನ್ನು ಕಿತ್ತು ಹಾಕಿಸ್ತೀನಿ. ದುಡ್ಡೂ ಕೊಟ್ಟು ಅಮ್ಮನ ಕಾಲೂ ಮುರಿಸಿಕೊಳ್ಳಬೇಕಾ?” ಎಂದರು. ಬೆಂಗಳೂರಿನಲ್ಲಿರುವ ಮಗನೂ, “ಅಮ್ಮಾ, ಲ್ಯಾಂಡ್‌ಲೈನ್ ಯಾರು ಇಟ್ಕೊಳ್ತಾರೆ ಈಗ? ಅಜ್ಜಿಗೆ ಒಂದು ಮೊಬೈಲ್ ಕೊಡ್ಸು” ಎಂದ. ಇಬ್ಬರ ಮಾತಿನಲ್ಲೂ ಪ್ರೀತಿಯೇ ಇತ್ತು. ನಾನು ಬೇಡವೆನ್ನಲಿಲ್ಲ, ಹೂಂ ಎನ್ನಲೂ ಇಲ್ಲ. “ಒಂದು ತಿಂಗಳು ತಡೀರಿ, ಲೆಕ್ಕ ಬರೆದು ನೋಡೋಣ” ಎಂದೆ.

ಹಾಲಿನ ಲೆಕ್ಕ ಬರೆಯುವ ಪುಸ್ತಕದ ಹಿಂದಿನ ಪುಟದಲ್ಲಿ ಫೆಬ್ರವರಿ ಪೂರ್ತಿ ಬರೆದೆ. ಯಾರು ಫೋನು ಮಾಡಿದರು, ಯಾರಿಗೆ ಮಾಡಿದರು, ಅಷ್ಟೆ. ಇಪ್ಪತ್ತೆಂಟು ದಿನಕ್ಕೆ ಬಂದ ಕರೆ 46. ಅದರಲ್ಲಿ ಸಾಲ, ಸೈಟು, ಬಹುಮಾನ ಎಂಬ ಬೇಡದ ಕರೆಗಳು 19. ನಮ್ಮವರಿಗೂ ನನಗೂ ಸೇರಿ ಬಂದದ್ದು 5. ಉಳಿದ 22 ಅತ್ತೆಯವರಿಗೆ. ಮನೆಯಿಂದ ಹೋದ ಕರೆ 11. ಅದರಲ್ಲಿ ಒಂಬತ್ತು ಅತ್ತೆಯವರು ಮಾಡಿದ್ದು.

ಈ ಪುಟ ನೋಡಿದ ಮೇಲೆ ನಮ್ಮವರು ಸುಮ್ಮನಾದರು. ಯಾಕೆಂದರೆ ಬಿಲ್ಲು ಕಟ್ಟುವವರು ಅವರು, ಹೆಸರು ಇರುವುದೂ ಅವರದೇ, ಆದರೆ ಫೋನು ಅವರದ್ದಾಗಿರಲಿಲ್ಲ. ಅದು ಯಾವಾಗಲೋ ಅತ್ತೆಯವರದ್ದಾಗಿಬಿಟ್ಟಿತ್ತು.

ಅತ್ತೆಯವರು ಹೇಳಿದ್ದು

“ಅತ್ತೆ, ಈ ಫೋನು ನಿಮಗೆ ಬೇಕಾ?” ಎಂದು ಕೇಳಿದೆ. “ನನಗೇನು ಮಾರಾಯ್ತಿ, ನೀವು ಹ್ಯಾಗೆ ಮಾಡಿದರೂ ಸೈ” ಎಂದರು. ಹಿರಿಯರ ಮೊದಲ ಉತ್ತರ ಯಾವಾಗಲೂ ಇದೇ ತಾನೆ? ತಮ್ಮಿಂದ ಮಕ್ಕಳಿಗೆ ಖರ್ಚಾಯಿತು ಅನ್ನಿಸಿಕೊಳ್ಳಲು ಅವರಿಗೆ ಇಷ್ಟವಿಲ್ಲ. ಎರಡು ದಿನ ಬಿಟ್ಟು ಇಬ್ಬರೂ ತೊಗರಿಬೇಳೆ ಆರಿಸುತ್ತ ಕುಳಿತಿದ್ದಾಗ ಅವರೇ ಬಾಯಿಬಿಟ್ಟರು.

“ನಿನ್ನ ಮೊಬೈಲಲ್ಲಿ ಮಾತಾಡಬಹುದು, ಇಲ್ಲ ಅಂತಲ್ಲ. ಆದರೆ ಮಾತು ಮುಗಿಯೋವರೆಗೂ ನೀನು ಪಕ್ಕದಲ್ಲೇ ನಿಂತಿರ್ತೀಯ. ಫೋನು ನಿಂದು, ನಿಂಗೆ ಕೆಲಸ ಇರ್ತದೆ. ತಂಗಿ ಹತ್ರ ಎರಡು ಮಾತು ಜಾಸ್ತಿ ಆಡೋಣ ಅಂದ್ರೆ ನಾಲಿಗೆ ಹೊರಳೋದಿಲ್ಲ ನೋಡು.”

ನನಗೆ ನಗುವೂ ಬಂತು, ಗಂಟಲೂ ಕಟ್ಟಿತು. ಸೊಸೆಯ ಮೇಲಿನ ದೂರನ್ನು ಸೊಸೆಯ ಮೊಬೈಲಿನಲ್ಲೇ ಹೇಳುವುದು ಹೇಗೆ, ನೀವೇ ಹೇಳಿ! ದೂರಲ್ಲದಿದ್ದರೂ, ಅಕ್ಕತಂಗಿಯರ ನಡುವೆ ತಮ್ಮ ಮೈಯ ನೋವು, ಮಗನ ಮೌನ, ಹಳೆಯ ಕಾಲದ ಯಾವುದೋ ಮಾತು ಇದ್ದೇ ಇರುತ್ತದೆ. ಅದಕ್ಕೆ ಮರೆ ಬೇಕು. ಅತ್ತೆಯವರ ತಂಗಿ ತೀರ್ಥಹಳ್ಳಿಯ ಕಡೆ ಒಂದು ತೋಟದ ಮನೆಯಲ್ಲಿದ್ದಾರೆ. ಅವರ ಹತ್ತಿರವೂ ಇರುವುದು ಮನೆಯ ಫೋನೇ. ಗುರುವಾರ ಮಧ್ಯಾಹ್ನ ಊಟವಾದ ಮೇಲೆ ಇಬ್ಬರೂ ಮಾತನಾಡುತ್ತಾರೆ. ಆ ದಿನ ಅತ್ತೆಯವರು ಎರಡು ತುತ್ತು ಹೆಚ್ಚು ಉಣ್ಣುತ್ತಾರೆ ಎಂಬುದನ್ನು ಬಡಿಸುವ ನಾನು ಬಲ್ಲೆ.

ಇಲ್ಲೇ ನನ್ನ ಹಳೆಯ ದಿನವೂ ನೆನಪಾಯಿತು. 2001ರಲ್ಲಿ ನಾನು ಮದುವೆಯಾಗಿ ಬಂದಾಗ ಇದೇ ಫೋನು ನಡುಮನೆಯಲ್ಲಿ, ಮಾವನವರ ಆರಾಮ ಕುರ್ಚಿಯ ಪಕ್ಕದಲ್ಲಿತ್ತು. ತವರಿನಿಂದ ಅಮ್ಮ ಮಾಡಿದರೆ “ಹೂಂ, ಚೆನ್ನಾಗಿದ್ದೀನಿ, ಹೂಂ” ಅಷ್ಟೇ ಹೇಳಲು ಆಗುತ್ತಿದ್ದುದು. ಸುತ್ತ ನಾಲ್ಕು ಜನ ಕುಳಿತಿರುವಾಗ ಹೊಸ ಸೊಸೆ ಏನು ಹೇಳಿಯಾಳು? ನನಗೆ ಮೊಬೈಲು ಬಂದ ಮೇಲೆ ಹಿತ್ತಲಿಗೆ ಹೋಗಿ ಮನಸ್ಸು ಬಿಚ್ಚಿ ಮಾತನಾಡಿದೆ. ಅಂದು ನನಗೆ ಸಿಗದ ಮರೆ ಈಗ ಅತ್ತೆಯವರಿಗೆ ಬೇಕಾಗಿದೆ. ಫೋನು ಇದ್ದರೆ ಸಾಲದು, ಅದು ಎಲ್ಲಿ ಇದೆ ಎಂಬುದೂ ಮುಖ್ಯ.

ಮಗ ಹೇಳಿದಂತೆ ಮೊಬೈಲು ಕೊಡಿಸಿ ನೋಡಿದ್ದೂ ಆಗಿತ್ತು. ಟಚ್ ಫೋನು ಅವರ ಒಣಗಿದ ಬೆರಳಿಗೆ ಓಗೊಡುವುದಿಲ್ಲ. ಗುಂಡಿಯ ಸಣ್ಣ ಫೋನು ತಂದರೆ ಚಾರ್ಜು ಹಾಕಲು ಮರೆಯುತ್ತಾರೆ, ದಿಂಬಿನ ಕೆಳಗೆ ಅದು ಸತ್ತಿರುತ್ತದೆ. ಮನೆಯ ಫೋನಿಗಾದರೆ ಚಾರ್ಜು ಬೇಡ, ಹುಡುಕುವುದು ಬೇಡ, ಇಟ್ಟ ಜಾಗದಲ್ಲಿ ಇರುತ್ತದೆ.

ಮಳೆಗಾಲದ ಮಾತು

ನಮ್ಮದು ಮಲೆನಾಡಿನ ಸೆರಗಿನ ಊರು. ಇಲ್ಲಿ ಮನೆಯ ಫೋನಿಗೆ ಇನ್ನೊಂದು ಗುಣ ಉಂಟು. ತಾಮ್ರದ ತಂತಿಯ ಹಳೆಯ ಫೋನಿಗೆ ಬೇಕಾದ ವಿದ್ಯುತ್ತು ನಮ್ಮ ಮನೆಯದಲ್ಲ. ಎಕ್ಸ್‌ಚೇಂಜಿನಲ್ಲಿರುವ 48 ವೋಲ್ಟಿನ ಬ್ಯಾಟರಿಯಿಂದ ಅದೇ ತಂತಿಯ ಮೂಲಕ ಬರುತ್ತದೆ. ಹಾಗಾಗಿ ಮನೆಯಲ್ಲಿ ಕರೆಂಟು ಹೋದರೂ ಅದು ಮಾತನಾಡುತ್ತದೆ. 2024ರ ಜುಲೈ ಮಳೆಯಲ್ಲಿ ನಮಗೆ ಮೂರು ದಿನ ಕರೆಂಟಿರಲಿಲ್ಲ. ಎರಡನೆಯ ದಿನ ಮೊಬೈಲ್ ಟವರೂ ನಿಂತಿತು. ಪಕ್ಕದ ಮನೆಗೆ ಬಾಣಂತನಕ್ಕೆ ಬಂದಿದ್ದ ಮಗಳು, ಮಂಗಳೂರಿನಲ್ಲಿದ್ದ ಗಂಡನಿಗೆ “ನಾವು ಚೆನ್ನಾಗಿದ್ದೀವಿ, ಗಾಬರಿ ಆಗ್ಬೇಡಿ” ಎಂದು ಹೇಳಿದ್ದು ನಮ್ಮ ನಡುಮನೆಯಿಂದ.

ಹಾಗೆಂದು ಬರಿಯ ಹೊಗಳಿಕೆಯೂ ಬೇಡ. ಅದೇ ವರ್ಷ ರಸ್ತೆ ಅಗೆಯುವಾಗ ಕೇಬಲ್ ತುಂಡಾಗಿ ಇಪ್ಪತ್ತನಾಲ್ಕು ದಿನ ಫೋನು ಮೂಕವಾಗಿತ್ತು. ದೂರು ಕೊಟ್ಟು ಕೊಟ್ಟು ಸಾಕಾಯಿತು. ಈಗ ಊರೂರಿನಲ್ಲಿ ತಾಮ್ರದ ಬದಲು ಫೈಬರ್ ಬರುತ್ತಿದೆ. ಫೈಬರ್ ಫೋನಿಗೆ ಎಕ್ಸ್‌ಚೇಂಜಿನ ಕರೆಂಟು ಬರುವುದಿಲ್ಲ. ಗೋಡೆಗೆ ಹಾಕುವ ಡಬ್ಬಿಗೆ ನಮ್ಮ ಮನೆಯ ಕರೆಂಟೇ ಬೇಕು. ಅದಕ್ಕೊಂದು ಪುಟ್ಟ ಯುಪಿಎಸ್ ಇಟ್ಟುಕೊಳ್ಳದಿದ್ದರೆ ಕರೆಂಟಿನ ಜೊತೆಗೇ ಫೋನೂ ಹೋಗುತ್ತದೆ. ತಂತಿ ಇಲ್ಲದ ಕಾರ್ಡ್‌ಲೆಸ್ ಸೆಟ್ಟಿನದೂ ಇದೇ ಪಾಡು. ‘ಲ್ಯಾಂಡ್‌ಲೈನ್ ಇದೆ, ಭಯವಿಲ್ಲ’ ಎಂದು ನಂಬಿ ಕೂರುವ ಮೊದಲು ನಿಮ್ಮದು ಯಾವ ಬಗೆಯದೆಂದು ತಿಳಿದುಕೊಳ್ಳಿ. ಒಂದು ದಿನ ಮೇನ್ ಸ್ವಿಚ್ ಆರಿಸಿ ರಿಸೀವರ್ ಎತ್ತಿ ನೋಡಿ. ಸದ್ದು ಬಂದರೆ ಸರಿ.

ನಾವು ಮಾಡಿದ್ದು

ಮಾರ್ಚಿನಲ್ಲಿ ನಾವು ಫೋನನ್ನು ಉಳಿಸಿಕೊಂಡೆವು. ಆದರೆ ಇದ್ದ ಹಾಗೆಯೇ ಅಲ್ಲ. ಲೈನ್‌ಮನ್‌ಗೆ ಹೇಳಿ ತಂತಿ ಎಳೆಸಿ, ಅತ್ತೆಯವರ ಮಂಚದ ಪಕ್ಕಕ್ಕೆ ಸೆಟ್ಟನ್ನು ತಂದೆವು. ಓಡುವ ಕೆಲಸವೇ ಇಲ್ಲ, ಕೈ ಚಾಚಿದರೆ ಸಿಗುತ್ತದೆ. ಗೋಡೆಗೆ ದಪ್ಪ ಅಕ್ಷರದಲ್ಲಿ ಎಂಟು ನಂಬರು ಬರೆದು ಅಂಟಿಸಿದ್ದೇನೆ. “ಸಾಲ, ಬಹುಮಾನ ಅಂದ್ರೆ ‘ಬೇಡ’ ಅಂತ ಇಟ್ಬಿಡಿ. ಎದ್ದು ಬರೋದ್ರೊಳಗೆ ನಿಂತರೆ ನಿಲ್ಲಲಿ, ಬೇಕಾದವರು ಮತ್ತೆ ಮಾಡ್ತಾರೆ” ಎಂದು ಮಗನೇ ತಾಯಿಗೆ ಹೇಳಿದ್ದಾರೆ. ನಾನು ಗುರುವಾರ ಮಧ್ಯಾಹ್ನ ಆ ಕೋಣೆಯ ಬಾಗಿಲು ಮುಂದೆ ಮಾಡಿ ಹಿತ್ತಲಿಗೆ ಹೋಗುತ್ತೇನೆ. ವರ್ಷಕ್ಕೊಮ್ಮೆ ಇದೇ ಲೆಕ್ಕ ಮತ್ತೆ ಬರೆದು ನೋಡುವುದೆಂದು ನಮ್ಮವರೂ ನಾನೂ ಮಾತಾಡಿಕೊಂಡಿದ್ದೇವೆ. ಬೇಡವಾದ ದಿನ ತೆಗೆಸಲು ಯಾರೂ ತಡೆಯುವುದಿಲ್ಲ.

ಪತ್ರ ಬರೆದ ಸೋದರಿಗೆ

ಈಗ ನಿಮ್ಮ ವಿಷಯ. ನಿಮ್ಮ ಪತ್ರದ ಪ್ರಕಾರ ಮನೆಯಲ್ಲಿರುವುದು ನೀವಿಬ್ಬರೇ. ಇಬ್ಬರ ಬಳಿಯೂ ಮೊಬೈಲಿದೆ, ಊರಿನಲ್ಲಿ ಸಿಗ್ನಲ್ ಚೆನ್ನಾಗಿದೆ, ಮಕ್ಕಳು ಮಾಡುವುದೂ ಮೊಬೈಲಿಗೇ. ಫೋನು ಮೂರು ತಿಂಗಳಿಂದ ಸತ್ತಿದ್ದರೂ ಅದಿಲ್ಲದೆ ಒಂದು ಕೆಲಸವೂ ನಿಂತಿಲ್ಲ. ಹಾಗಿದ್ದರೆ ನಿಸ್ಸಂಕೋಚವಾಗಿ ತೆಗೆಸಿಬಿಡಿ. ಅದರಿಂದ ಮಾವನವರಿಗೆ ಅಗೌರವವಾಗುವುದಿಲ್ಲ. ಸೆಟ್ಟು ನಿಮ್ಮದೇ ಆಗಿದ್ದರೆ ಒರೆಸಿ ಷೋಕೇಸಿನಲ್ಲಿಡಿ, ಮೊಮ್ಮಕ್ಕಳು ಆಡಿಕೊಳ್ಳಲಿ.

ಆದರೆ ನಿಮ್ಮಂಥದೇ ಮನೆಯಲ್ಲಿ ಹಗಲೆಲ್ಲ ಒಬ್ಬರೇ ಇರುವ ಹಿರಿಯರಿದ್ದರೆ, ಶಾಲೆಯಿಂದ ಮೊದಲೇ ಬಂದು ಬೀಗ ತೆಗೆದುಕೊಳ್ಳುವ ಮಗುವಿದ್ದರೆ, ಸಿಗ್ನಲ್ ಸಿಗದೆ ಮಾಳಿಗೆ ಹತ್ತಬೇಕಾದ ಊರಾಗಿದ್ದರೆ, ಉತ್ತರ ಬೇರೆಯೇ ಆಗುತ್ತದೆ. ಆಗ ತೀರ್ಮಾನ ಮಾಡಬೇಕಾದವರು ಬಿಲ್ಲು ಕಟ್ಟುವವರಲ್ಲ, ಬೇರೆ ಫೋನಿಲ್ಲದವರು. ಅವರನ್ನು ಒಂದಲ್ಲ, ಎರಡು ಸಲ ಕೇಳಿ.

ಇಟ್ಟುಕೊಳ್ಳುವವರಿಗೆ ಕೆಲವು ಕಿವಿಮಾತು

ಫೋನು ಬಳಸುವವರು ಕೂರುವ, ಮಲಗುವ ಜಾಗದ ಹತ್ತಿರವೇ ಇರಲಿ. ನಡುಮನೆಯಲ್ಲೂ ಬೇಕೆನಿಸಿದರೆ ಅದೇ ಲೈನಿಗೆ ಇನ್ನೊಂದು ಸೆಟ್ಟನ್ನು ಪ್ಯಾರಲಲ್ ಆಗಿ ಕೊಡಿಸಬಹುದು. ಗಂಟೆಯ ಸದ್ದು ಹೆಚ್ಚು ಕಡಿಮೆ ಮಾಡುವ ಗುಂಡಿ ಬಹಳ ಸೆಟ್ಟುಗಳ ಬದಿಯಲ್ಲೋ ಅಡಿಯಲ್ಲೋ ಇರುತ್ತದೆ, ನೋಡಿ.

ಮನೆಯ ಫೋನಿನಿಂದ ಮೊಬೈಲಿಗೆ ಮಾಡುವಾಗ ನಂಬರಿನ ಮುಂದೆ ಸೊನ್ನೆ ಒತ್ತಲೇಬೇಕು. 2021ರ ಜನವರಿ 15ರಿಂದ ಈ ನಿಯಮ ಇದೆ. ಇದು ತಿಳಿಯದೆ ಫೋನೇ ಕೆಟ್ಟಿದೆ ಎಂದುಕೊಂಡ ಹಿರಿಯರು ಎಷ್ಟೋ ಮಂದಿ. ಗೋಡೆಯ ಪಟ್ಟಿಯಲ್ಲಿ ಸೊನ್ನೆ ಸೇರಿಸಿಯೇ ಬರೆಯಿರಿ.

ಪಟ್ಟಿಯ ಮೇಲ್ತುದಿಯಲ್ಲಿ ಇವು ಇರಲಿ: ಯಾವುದೇ ತುರ್ತಿಗೆ 112, ಆಂಬುಲೆನ್ಸಿಗೆ 108. ಕೆಳಗೆ ನಿಮ್ಮ ಮನೆಯ ಪೂರ್ತಿ ವಿಳಾಸ, ಹತ್ತಿರದ ಗುರುತು ಬರೆಯಿರಿ. ‘ನಮ್ಮ ಮನೆ ವಿಳಾಸ ನಮಗೆ ಗೊತ್ತಿಲ್ಲವೇ’ ಎನ್ನಬೇಡಿ. ಗಾಬರಿಯಲ್ಲಿ ಬಾಯಿ ಕಟ್ಟುತ್ತದೆ. ಮನೆಗೆಲಸಕ್ಕೆ ಬರುವಾಕೆಗೂ, ರಜೆಗೆ ಬಂದ ಮಕ್ಕಳಿಗೂ ಅದು ಬೇಕಾಗುತ್ತದೆ.

ಮೋಸದ ಕರೆಗಳ ವಿಷಯದಲ್ಲಿ ಹಿರಿಯರಿಗೆ ಮೊದಲೇ ತಿಳಿಹೇಳಿ. ಪೊಲೀಸರು, ಕೋರ್ಟು, ಬ್ಯಾಂಕು ಎಂದು ಹೆಸರು ಹೇಳಿ ಹೆದರಿಸುವವರಿದ್ದಾರೆ. ಫೋನಿನಲ್ಲೇ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪಾಸ್‌ಬುಕ್ಕಿನ ನಂಬರು, ಒಟಿಪಿ ಯಾರಿಗೂ ಹೇಳಬಾರದು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನು ಮಾಡಿ.

ತಾಮ್ರದಿಂದ ಫೈಬರಿಗೆ ಬದಲಾಯಿಸುವುದಾದರೆ ಹಳೆಯ ನಂಬರೇ ಉಳಿಯುತ್ತದೆಯೇ, ಹಳೆಯ ಸೆಟ್ಟೇ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಬೆರಳು ಹಾಕಿ ತಿರುಗಿಸುವ ಡಯಲ್ ಸೆಟ್ಟು ಹೊಸ ಡಬ್ಬಿಗೆ ಹೊಂದದೆ ಹೋಗಬಹುದು.

ತೆಗೆಸುವವರಿಗೆ ಕೆಲವು ಕಿವಿಮಾತು

ಬಿಲ್ಲು ಕಟ್ಟುವುದನ್ನು ಸುಮ್ಮನೆ ನಿಲ್ಲಿಸಬೇಡಿ, ಬಾಕಿ ಬೆಳೆಯುತ್ತದೆ. ಬರವಣಿಗೆಯಲ್ಲಿ ಅರ್ಜಿ ಕೊಟ್ಟು, ಬಾಕಿ ತೀರಿಸಿ, ಅವರ ಉಪಕರಣ ಇದ್ದರೆ ಹಿಂತಿರುಗಿಸಿ, ಎಲ್ಲದಕ್ಕೂ ರಸೀತಿ ತೆಗೆದುಕೊಳ್ಳಿ. ಫೋನು ಪಡೆಯುವಾಗ ಕಟ್ಟಿದ ಠೇವಣಿ ಬಾಕಿ ಕಳೆದು ವಾಪಸು ಬರಬೇಕು. ಹಳೆಯ ಕಾಗದಪತ್ರ ಹುಡುಕಿ ಇಡಿ, ಬ್ಯಾಂಕು ಖಾತೆಯ ವಿವರ ಅರ್ಜಿಯಲ್ಲೇ ಬರೆಯಿರಿ.

ಫೋನು ತೀರಿಹೋದ ಹಿರಿಯರ ಹೆಸರಿನಲ್ಲೇ ಇದ್ದರೆ ಮರಣ ಪತ್ರ ಬೇಕಾಗುತ್ತದೆ. ಉಳಿದ ವಾರಸುದಾರರ ಒಪ್ಪಿಗೆ ಪತ್ರವನ್ನೂ ಕೇಳುವುದುಂಟು. ಇಟ್ಟುಕೊಳ್ಳುವುದಾದರೂ ಹೆಸರು ಬದಲಾಯಿಸಿಕೊಳ್ಳುವುದು ಒಳ್ಳೆಯದು.

ಗ್ಯಾಸ್ ಏಜೆನ್ಸಿ, ಎಲ್‌ಐಸಿ ಪಾಲಿಸಿ, ಬ್ಯಾಂಕು, ಶಾಲೆ, ಡಾಕ್ಟರ ಚೀಟಿ, ಹೀಗೆ ಎಲ್ಲೆಲ್ಲಿ ಆ ನಂಬರು ಕೊಟ್ಟಿದ್ದೀರೋ ಅಲ್ಲೆಲ್ಲ ಹೊಸದು ಬರೆಸಿ. ಆಮೇಲೆ ಹಳೆಯ ನೆಂಟರ ಪಟ್ಟಿ ಹಿಡಿದು ಒಬ್ಬೊಬ್ಬರಿಗೆ ತಿಳಿಸಿ. ಎಷ್ಟೋ ವಯಸ್ಸಾದವರಿಗೆ ನಿಮ್ಮ ಮನೆಯ ಆ ಒಂದೇ ನಂಬರು ಬಾಯಿಪಾಠ. ಅವರು ಮಾಡಿ ಮಾಡಿ ಸೋತು, ‘ನಮ್ಮನ್ನು ಮರೆತರು’ ಎಂದುಕೊಳ್ಳಬಾರದು.

ಲೈನು ಬೇಡ, ಆದರೆ ಮನೆಯಲ್ಲಿ ಒಂದು ಜಾಗದಲ್ಲಿ ನಿಲ್ಲುವ ಫೋನು ಬೇಕು ಎನ್ನುವವರಿಗೆ, ಸಿಮ್ ಹಾಕುವ ಮೇಜಿನ ಫೋನು ಸಿಗುತ್ತದೆ. ನೋಡಲು ಮನೆಯ ಫೋನಿನಂತೆಯೇ, ದಪ್ಪ ಗುಂಡಿಗಳು, ಒಳಗೆ ಬ್ಯಾಟರಿ. ಸಿಗ್ನಲ್ ಚೆನ್ನಾಗಿರಬೇಕು, ರೀಚಾರ್ಜು ತಪ್ಪಬಾರದು, ಅಷ್ಟೆ. ಆದರೆ ಅದನ್ನು ಯಾರೂ ಜೇಬಿನಲ್ಲಿಟ್ಟುಕೊಂಡು ಹೋಗಬಾರದೆಂದು ಮನೆಯಲ್ಲಿ ಕಟ್ಟಪ್ಪಣೆ ಮಾಡಿ!

ಸೋದರಿಯರೆ, ಕೊನೆಗೊಂದು ಮಾತು. ಮೊಬೈಲು ಒಬ್ಬರ ಸ್ವತ್ತು, ಅವರ ಜೊತೆ ಹೋಗುತ್ತದೆ. ಮನೆಯ ಫೋನು ಮನೆಯ ಸ್ವತ್ತು, ಮನೆಯಲ್ಲಿರುವವರ ಜೊತೆ ಇರುತ್ತದೆ. ನಿಮ್ಮಲ್ಲಿ ಹಾಗೆ ಉಳಿಯುವವರು ಯಾರಾದರೂ ಇದ್ದಾರೆಯೇ, ಇದ್ದರೆ ಅವರ ಕೈಗೆ ಏನು ಕೊಟ್ಟಿದ್ದೀರಿ ಎಂದು ನೋಡಿ ಮುಂದುವರಿಯಿರಿ. ನಿಮ್ಮ ಮನೆಯಲ್ಲಿ ಏನು ತೀರ್ಮಾನವಾಯಿತೆಂದು ಒಂದು ಕಾರ್ಡು ಬರೆದು ತಿಳಿಸಿದರೆ ಸಂತೋಷ.

ಮುಂದಿನ ಸಂಚಿಕೆಯಲ್ಲಿ, ಮಳೆಗಾಲಕ್ಕೆ ಮುಂಚೆ ಹಪ್ಪಳ ಸಂಡಿಗೆಯ ಡಬ್ಬಿಗಳನ್ನು ಮೆತ್ತಗಾಗದಂತೆ ಕಟ್ಟಿಡುವುದು ಹೇಗೆಂದು ಮಾತಾಡೋಣ. ಅಲ್ಲಿಯವರೆಗೆ ನಮಸ್ಕಾರ.